ಹದಿನೇಳನೇ ನಂಬರಿನ ಯಂತ್ರ

ಎರಡು ಸಾವಿರದ ಇಪ್ಪತ್ತೈದರ ಸೆಪ್ಟೆಂಬರ್. ಕೋಲ್ಕತ್ತದ ಒಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ನಾನು ಹಿರಿಯ ತಾಂತ್ರಿಕ ಸಹಾಯಕನಾಗಿದ್ದೆ. ನಿವೃತ್ತಿಗೆ ಮೂರೂವರೆ ತಿಂಗಳು ಉಳಿದಿತ್ತು. ಬಂಗಾಳದವರು ಯಂತ್ರ, ಉಪಕರಣಗಳನ್ನು ಪೂಜಿಸುವ ವಿಶ್ವಕರ್ಮ ಪೂಜೆ ಆ ವರ್ಷ ಬುಧವಾರ. ಅದರ ಹಿಂದಿನ ಸೋಮವಾರ ಬೆಳಗ್ಗೆ ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ ನಾಲ್ವರಿದ್ದೆವು. ಮುಖ್ಯಸ್ಥರಾದ ಸಿಸಿಲಿಯಾ ಮೇಡಂ, ಮಂಗಳೂರಿನವರು. ದಾಸ್ತಾನು ನೋಡಿಕೊಳ್ಳುವ ಅಧಿಕಾರಿ ಘೋಷಾಲ್ ಬಾಬು, ಕೈಯಲ್ಲಿ ಒಂದು ಪಟ್ಟಿ. ಟೈಪಿಂಗ್ ಆಪರೇಟರ್ ಮಿನತಿದಿ, ಕುರ್ಚಿ ಖಾಲಿಯಿದ್ದರೂ ಬಾಗಿಲ ಬಳಿಯೇ ನಿಂತವರು. ಮತ್ತು ನಾನು.

ನಾನು ಹುಟ್ಟಿ ಬೆಳೆದದ್ದು ಕೋಲ್ಕತ್ತದ ಬೆಹಾಲಾದಲ್ಲಿ. ನನ್ನ ಕನ್ನಡ ಶಾಲೆಯದಲ್ಲ, ಧಾರವಾಡದಿಂದ ಬಂದು ನಮ್ಮ ಜೊತೆ ಉಳಿದ ಅಜ್ಜಿಯದು. ಆಫೀಸಿನಲ್ಲಿ ನಾವು ಮಾತಾಡುತ್ತಿದ್ದದ್ದು ಬಂಗಾಲಿ; ಅದರಲ್ಲಿ ಅಕ್ಕನಿಗೆ ದಿ, ಅಣ್ಣನಿಗೆ ದಾ, ಹಾಗಾಗಿ ನಾನು ದೇಸಾಯಿದಾ. ಆ ಮಾತನ್ನು ಇಲ್ಲಿ ಅಜ್ಜಿ ಕಲಿಸಿದ ಕನ್ನಡದಲ್ಲೇ ಬರೆಯುತ್ತೇನೆ. ನನಗೆ ಬೇರೆ ಬಗೆಯಲ್ಲಿ ಕೇಳಿಸುವುದೂ ಇಲ್ಲ.

ಘೋಷಾಲ್ ಬಾಬು ಪಟ್ಟಿಯನ್ನು ಮೇಜಿನ ಮೇಲಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಹದಿನೇಳನೇ ನಂಬರು ಸತ್ತದ, ದೇಸಾಯಿದಾ. ಸತ್ತದ್ದಕ್ಕ ಔಷಧ ಕೊಡೂದು ಬ್ಯಾಡ."

ಹದಿನೇಳನೇ ನಂಬರು ಮಿನತಿದಿಯ ಮೇಜಿನ ಮೇಲಿನ ಕಂಪ್ಯೂಟರ್. ದಾಸ್ತಾನು ಪುಸ್ತಕದ ಪ್ರಕಾರ ಹನ್ನೆರಡು ವರ್ಷದ್ದು. ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಆ ಅಕ್ಟೋಬರಿನಲ್ಲಿ ಬೆಂಬಲ ನಿಲ್ಲುತ್ತದೆ, ಹೊಸದು ಹಳೆಯ ಪ್ರೊಸೆಸರ್‌ಗಳ ಮೇಲೆ ಕೂರುವುದಿಲ್ಲ ಎಂದು ಎಲ್ಲ ಆಫೀಸುಗಳಲ್ಲೂ ಗುಜರಿ ಪಟ್ಟಿಗಳು ತಯಾರಾಗುತ್ತಿದ್ದ ಕಾಲ ಅದು. ನಮ್ಮ ಪಟ್ಟಿಯಲ್ಲಿ ಒಂಬತ್ತು ಯಂತ್ರಗಳಿದ್ದವು. ಎಂಟು ಯಂತ್ರಗಳಿಗೆ ಯಾರೂ ಅಳುವವರಿರಲಿಲ್ಲ. ಹದಿನೇಳರ ಕಥೆ ಬೇರೆ. ಗುತ್ತಿಗೆಯ ಮೇಲಿರುವ ಟೈಪಿಂಗ್ ಆಪರೇಟರುಗಳ ವಿಷಯದಲ್ಲಿ ನಮ್ಮಲ್ಲಿ ಒಂದು ನಿಯಮವಿತ್ತು: ಚಾಲೂ ಇರುವ ಒಂದು ಯಂತ್ರಕ್ಕೆ ಒಬ್ಬ ಆಪರೇಟರ್. ಗುರುವಾರ ಕೇಂದ್ರ ಕಚೇರಿಯ ಸಮಿತಿ ಬಂದು ಮೇಜುಗಳನ್ನು ಎಣಿಸುತ್ತದೆ. ಮೇಜಿನ ಮೇಲೆ ಯಂತ್ರ ಇಲ್ಲದಿದ್ದರೆ ಮೇಜಿಲ್ಲ, ಮೇಜಿಲ್ಲದಿದ್ದರೆ ಹದಿನಾಲ್ಕು ವರ್ಷ ಅಲ್ಲಿ ಕೂತಿದ್ದ ಮಿನತಿದಿಯೂ ಇಲ್ಲ. ಹೊಸ ಯಂತ್ರ ಬರುವುದು ಮುಂದಿನ ಆರ್ಥಿಕ ವರ್ಷದಲ್ಲಿ.

"ಹೊಸಾದು ಬಂದ ಮ್ಯಾಲೆ ನೋಡೂಣು," ಎಂದರು ಘೋಷಾಲ್ ಬಾಬು. "ನನ್ನ ಕೋಣಿಗೆ ಬಂದು ನೋಡ್ರಿ, ಮೂವತ್ತೆರಡನೇ ನಂಬರು. ಹೊಸಾ ಪೀಳಿಗಿ. ಒಂದು ದಿನ ಕೆಮ್ಮಿಲ್ಲ. ಯಂತ್ರ ಅಂದ್ರ ಹಂಗಿರಬೇಕು. ಮುದುಕ ಯಂತ್ರಕ್ಕ ರೊಕ್ಕ ಹಾಕೂದು ದಂಡ."

"ನಾನೂ ಮುದುಕನ. ನನಗ ಡಿಸೆಂಬರ್ ತನಕಾ ಪಗಾರ ಕೊಡ್ತೀರೋ ಇಲ್ಲೋ?" ಎಂದೆ.

ಸಿಸಿಲಿಯಾ ಮೇಡಂ ನನ್ನ ಕಡೆ ತಿರುಗಿ ನಮ್ಮಿಬ್ಬರಿಗೆ ಮಾತ್ರ ತಿಳಿಯುವ ಕನ್ನಡದಲ್ಲಿ ಕೇಳಿದರು: "ಎಂತ ದೇಸಾಯ್ರೆ, ಇದು ಆಗ್ತದಾ? ಸುಮ್ಮನೆ ಹಟಕ್ಕೆ ಬಿದ್ದದ್ದಲ್ಲ ಅಲ್ವಾ ನೀವು?"

"ಹಟಾನೂ ಅದರಿ, ಮೇಡಂ. ಆದ್ರ ಆಗ್ತದ."

ಕೊಟೇಶನ್ ಕರೆಯದೆ ಮುಖ್ಯಸ್ಥರು ದುರಸ್ತಿಗೆ ಕೊಡಬಹುದಾದ ಮಿತಿ ಆರು ಸಾವಿರ ರೂಪಾಯಿ. ಅವರು ಚೀಟಿಗೆ ಸಹಿ ಹಾಕಿದರು. ಘೋಷಾಲ್ ಬಾಬು ಪಟ್ಟಿಯಿಂದ ಬೆರಳು ತೆಗೆಯಲಿಲ್ಲ.

ಮಿನತಿದಿಯ ಮೇಜಿಗೆ ಹೋದೆ. ಗುಂಡಿ ಒತ್ತಿದರೆ ಫ್ಯಾನಿನ ಸದ್ದೂ ಇಲ್ಲ. ಹಿಂಬದಿಯ ಜಾಲರಿಗೆ ಮೂಗು ಹಿಡಿದರೆ ಸುಟ್ಟ ವಾಸನೆ. ಗೋಡೆಯ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ ಹದಕ್ಕೆ ಇಳಿಸಿಕೊಡುವ ಡಬ್ಬಿಗೆ ಎಸ್‌ಎಂಪಿಎಸ್ ಎನ್ನುತ್ತೇವೆ, ಅದು ಹೋಗಿತ್ತು. ಇದು ಸಾವಲ್ಲ, ಉಪವಾಸ. ಆದರೆ ಅದೊಂದನ್ನೇ ಬದಲಿಸಿದರೆ ಸಮಿತಿಯ ಮುಂದೆ ಯಂತ್ರ ಏಳಲು ಆರು ನಿಮಿಷ ತೆಗೆದುಕೊಳ್ಳುತ್ತಿತ್ತು, ಮತ್ತು ಘೋಷಾಲ್ ಬಾಬು ಗಡಿಯಾರ ನೋಡುತ್ತಾ ನಿಂತಿರುತ್ತಿದ್ದರು.

ಇಂಥ ಹೊತ್ತಿನಲ್ಲಿ ನಾನು ಯಂತ್ರವನ್ನು ಕೇಳುವುದಿಲ್ಲ, ಅದರ ಮುಂದೆ ಕೂರುವವರನ್ನು ಕೇಳುತ್ತೇನೆ. ಮಿನತಿದಿಯ ಕೆಲಸ ಇಷ್ಟು: ಬಂಗಾಲಿ ಮತ್ತು ಇಂಗ್ಲಿಷಿನಲ್ಲಿ ಪ್ರಬಂಧಗಳನ್ನು ಟೈಪ್ ಮಾಡುವುದು, ಪಿಡಿಎಫ್ ತೆರೆಯುವುದು, ಇ-ಮೇಲ್.

"ಎಲ್ಲಿ ತಡೀತದ?" ಎಂದು ಕೇಳಿದೆ.

"ಮುಂಜಾನೆ ಚಾಲೂ ಮಾಡಿ ನಾನು ಚಾ ಕುಡದು ಬರ್ತೀನಿ, ಅದು ಇನ್ನೂ ಎದ್ದಿರೂದಿಲ್ಲ. ಎರಡು ದೊಡ್ಡ ಫೈಲು ಕೂಡೇ ತೆಗದ್ರ ನಿಂತುಬಿಡ್ತದ. ಮತ್ತ ದಿನಾ ತಾರೀಖು ಮರೀತದ, ದೇಸಾಯಿದಾ. ನಾನ ಹೇಳಿಕೊಡಬೇಕು, ಇವತ್ತು ಸೋಮವಾರನಪಾ ಅಂತ."

ಅವರ ಆ ಮೂರು ಮಾತೇ ನನ್ನ ಖರೀದಿ ಪಟ್ಟಿ. ತಡವಾಗಿ ಏಳುವುದು ತಿರುಗುವ ಹಾರ್ಡ್‌ಡಿಸ್ಕಿನ ದೋಷ. ಅದಕ್ಕೆ ೨೫೬ ಜಿಬಿಯ ಎಸ್‌ಎಸ್‌ಡಿ, ಒಳಗೆ ತಿರುಗುವ ತಟ್ಟೆಯೇ ಇಲ್ಲದ ಡಿಸ್ಕ್. ಹಳೆಯ ಡಿಸ್ಕನ್ನು ಬಿಸಾಡದೆ ಪ್ರಬಂಧಗಳ ಉಗ್ರಾಣವಾಗಿ ಒಳಗೇ ಇಡುವುದು. ಎರಡು ಫೈಲಿಗೆ ನಿಲ್ಲುವುದು ರ‍್ಯಾಮ್ ಸಾಲದ್ದಕ್ಕೆ. ನಾಲ್ಕರ ಜಾಗದಲ್ಲಿ ಎಂಟು ಜಿಬಿ. ತಾರೀಖು ಮರೆಯುವುದು ಮದರ್‌ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ಬತ್ತಿದ್ದಕ್ಕೆ. ಜೊತೆಗೆ ಎಸ್‌ಎಂಪಿಎಸ್. ಪ್ರೊಸೆಸರ್ ಮುಟ್ಟುವುದಿಲ್ಲ, ಮಾನಿಟರ್ ಮುಟ್ಟುವುದಿಲ್ಲ. ಅಕ್ಷರಗಳೆಲ್ಲ ಸವೆದು ನುಣ್ಣಗಾದ ಕೀಬೋರ್ಡನ್ನಂತೂ ಮುಟ್ಟುವುದೇ ಇಲ್ಲ. ಅದನ್ನು ಅವರ ಬೆರಳುಗಳು ಓದುತ್ತವೆ.

ಯಾವ ಪೀಳಿಗೆಯ ರ‍್ಯಾಮ್ ಬೇಕೆಂದು ನಾನು ಮುಚ್ಚಳ ತೆಗೆದು ನೋಡಲಿಲ್ಲ. ನೋಡುವ ಅಗತ್ಯವಿದೆ ಅನಿಸಲಿಲ್ಲ. ಪಕ್ಕದ ಮುಚ್ಚಳದ ಮೇಲೆ ಹದಿನೇಳು ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು, ದಾಸ್ತಾನು ಪುಸ್ತಕದಲ್ಲಿ ಹದಿನೇಳರ ಮುಂದೆ ಡಿಡಿಆರ್ ತ್ರೀ ಎಂದಿತ್ತು, ಅದನ್ನು ಬರೆದ ಅಕ್ಷರ ನನ್ನದೇ ಆಗಿತ್ತು.

ಮಂಗಳವಾರ ಮಧ್ಯಾಹ್ನ ಎಸ್ಪ್ಲನೇಡಿನಲ್ಲಿ ಬಸ್ಸಿಳಿದು ಚಾಂದನಿ ಮಾರುಕಟ್ಟೆಯ ಕಂಪ್ಯೂಟರ್ ಬಿಡಿಭಾಗಗಳ ಗಲ್ಲಿಗೆ ನಡೆದೆ. ಇಪ್ಪತ್ತು ವರ್ಷದಿಂದ ನಾನು ಹೋಗುವುದು ಇಮ್ತಿಯಾಜ್ ಭಾಯ್ ಅಂಗಡಿಗೆ. ಅವರು ಮೊದಲು ಬಣ್ಣಬಣ್ಣದ ದೀಪ ಉರಿಯುವ ಗ್ರಾಫಿಕ್ಸ್ ಕಾರ್ಡೊಂದನ್ನು ತೋರಿಸಿದರು.

"ನಮ್ಮ ಮಿನತಿದಿ ಪ್ರಬಂಧ ಟೈಪ್ ಮಾಡ್ತಾರ, ಯುದ್ಧದ ಗೇಮ್ ಆಡೂದಿಲ್ಲ," ಎಂದೆ.

ನಕ್ಕು ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಬ್ಯಾಟರಿ ಇಟ್ಟರು. ರ‍್ಯಾಮ್ ತೆಗೆಯುವ ಮೊದಲು ಕೇಳಿದರು: "ಬೋರ್ಡ್ ತಗದು ನೋಡೀರೇನು?"

"ಬರದದ್ದು ನಾನ."

"ಬರಿಯೂದು ಬ್ಯಾರೆ, ದೇಸಾಯಿ ಸಾಹೇಬ್."

ರ‍್ಯಾಮಿನ ಪೊಟ್ಟಣದ ಮೇಲೆ ಪೆನ್ಸಿಲಿನಲ್ಲಿ ೧೭ ಎಂದು ಗುರುತು ಹಾಕಿ ಚೀಲಕ್ಕಿಳಿಸಿದೆ.

ಸಂಜೆ ಐದಕ್ಕೆ ಆಫೀಸಿಗೆ ಮರಳಿ ಮುಚ್ಚಳ ತೆಗೆದೆ. ರ‍್ಯಾಮ್ ಕೂರಲಿಲ್ಲ. ಡಿಡಿಆರ್ ತ್ರೀ ಮತ್ತು ಫೋರ್ ನೋಟಕ್ಕೆ ಅಣ್ಣತಮ್ಮಂದಿರಂತಿರುತ್ತವೆ, ಆದರೆ ಅಂಚಿನ ಕಚ್ಚು ಒಂದೇ ಜಾಗದಲ್ಲಿರುವುದಿಲ್ಲ. ಒಳಗಿದ್ದದ್ದು ಫೋರ್ ಕೂರುವ ಹೊಸ ಪೀಳಿಗೆಯ ಬೋರ್ಡ್. ಟಾರ್ಚ್ ಹಿಡಿದು ಬೋರ್ಡಿನ ಸೀರಿಯಲ್ ನಂಬರನ್ನು ದಾಸ್ತಾನು ಪುಸ್ತಕದಲ್ಲಿ ಹುಡುಕಿದೆ. ಅದು ಮೂವತ್ತೆರಡರದು.

ಹೇಗಾಯಿತೆಂದು ಹೊಳೆಯಲು ಹೊತ್ತು ಹಿಡಿಯಲಿಲ್ಲ. ಎರಡು ವರ್ಷಕ್ಕೊಮ್ಮೆ ವಿಶ್ವಕರ್ಮ ಪೂಜೆಗೆ ಮೊದಲು ನಮ್ಮಲ್ಲಿ ಎಲ್ಲ ಯಂತ್ರಗಳನ್ನೂ ವರ್ಕ್‌ಶಾಪಿಗೆ ಒಯ್ದು ಧೂಳು ಊದಿಸಿ, ಮುಚ್ಚಳಗಳನ್ನು ಕಳಚಿ ನಲ್ಲಿಯಡಿ ತೊಳೆದು ವರಾಂಡದಲ್ಲಿ ಒಣಹಾಕುತ್ತಾರೆ. ಕ್ಯಾಬಿನೆಟ್‌ಗಳೆಲ್ಲ ಒಂದೇ ಅಂಗಡಿಯವು, ಒಂದೇ ಅಚ್ಚು. ಯಾವ ಮುಚ್ಚಳವಾದರೂ ಯಾವುದಕ್ಕಾದರೂ ಕೂರುತ್ತದೆ. ಹಿಂದಿನ ವರ್ಷ ವೈರಸ್ ಹೊಕ್ಕಿದ್ದರಿಂದ ನಾನು ಪೂಜೆಗೆ ಮೊದಲೇ ಎಲ್ಲರ ಕಡತಗಳನ್ನೂ ಬೇರೆ ಕಡೆ ಇಟ್ಟು ಡಿಸ್ಕುಗಳನ್ನು ಅಳಿಸಿದ್ದೆ. ತೊಳೆದ ಮುಚ್ಚಳಗಳು ಅದಲುಬದಲಾಗಿ ಕೂತವು, ಯಂತ್ರಗಳು ಮುಚ್ಚಳದ ನಂಬರು ನೋಡಿಕೊಂಡು ಮೇಜುಗಳಿಗೆ ಹೋದವು, ನಾನು ಕಡತಗಳನ್ನು ಮರಳಿ ತುಂಬಿದೆ. ಖಾಲಿ ಯಂತ್ರಗಳಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಮಿನತಿದಿ ಒಂದು ವರ್ಷದಿಂದ ಕೂತಿದ್ದದ್ದು ಏಳು ವರ್ಷದ ಯಂತ್ರದ ಮುಂದೆ. ಹೊಸ ಆಪರೇಟಿಂಗ್ ಸಿಸ್ಟಮ್ ಅದರ ಮೇಲೆ ಆರಾಮವಾಗಿ ಕೂರುತ್ತಿತ್ತು.

ಅಷ್ಟರಲ್ಲಿ ವರ್ಕ್‌ಶಾಪಿನವರು ಬಂದು ನನ್ನ ಔಜಾರುಗಳನ್ನೆಲ್ಲ ಪೂಜೆಗೆ ಒಯ್ದರು. ನಾಳೆ ಯಾರೂ ಯಂತ್ರ ಮುಟ್ಟುವಂತಿಲ್ಲ. ನಾಡಿದ್ದು ಬೆಳಗ್ಗೆ ಹತ್ತಕ್ಕೆ ಸಮಿತಿ.

ಬುಧವಾರ ಬೆಳಗ್ಗೆ ಆಕಾಶದ ತುಂಬ ಗಾಳಿಪಟ. ಮತ್ತೆ ಚಾಂದನಿ. ಇಮ್ತಿಯಾಜ್ ಭಾಯ್ ಷಟರ್ ಅರ್ಧ ಇಳಿಸಿ ಕೂತಿದ್ದರು. ಒಳಗೆ ಅವರ ಕೆಲಸಗಾರರು ಪೂಜೆ ಮಾಡುತ್ತಿದ್ದರು.

"ಇವತ್ತು ಮಾರೂದಿಲ್ಲ. ನಮ್ಮ ಹುಡುಗರು ಬೇಜಾರು ಮಾಡ್ಕೋತಾರ."

"ಮಾರಬ್ಯಾಡ್ರಿ. ಬದಲಿ ಮಾಡಿಕೊಡ್ರಿ."

ಪೊಟ್ಟಣ ನೋಡಿದರು, ನನ್ನ ಮುಖ ನೋಡಿದರು. "ಬರದದ್ದು ನೀವ ಅಲ್ಲೇನು?" ಎಂದಷ್ಟೇ ಹೇಳಿ ಡಿಡಿಆರ್ ಫೋರ್ ಕೊಟ್ಟರು, ಒಂದು ದೊನ್ನೆ ಖಿಚುಡಿಯನ್ನೂ ಕೊಟ್ಟರು. ಆ ಖಿಚುಡಿ ತಿನ್ನುವಾಗ ಆದಷ್ಟು ನಾಚಿಕೆ ನನಗೆ ನೌಕರಿಯಲ್ಲಿ ಇನ್ನೊಮ್ಮೆ ಆದದ್ದಿಲ್ಲ.

ಹನ್ನೆರಡಕ್ಕೆ ವರ್ಕ್‌ಶಾಪಿನಲ್ಲಿ ನಿಂತೆ. ಪೂಜೆ ಮುಗಿದಿತ್ತು. ಮೂರ್ತಿಯ ಮುಂದೆ ಇಕ್ಕಳ, ಸುತ್ತಿಗೆ, ನನ್ನ ಸ್ಕ್ರೂಡ್ರೈವರ್, ಎಲ್ಲದರ ಮೇಲೂ ಸಿಂಧೂರ ಮತ್ತು ಚೆಂಡುಹೂವು. ಪ್ರಸಾದಕ್ಕೆ ಬಂದಿದ್ದ ಮಿನತಿದಿ ನನ್ನ ಕೈ ಎತ್ತ ಹೋಗುತ್ತಿದೆಯೆಂದು ನೋಡಿ ಅಡ್ಡ ಬಂದರು.

"ಬ್ಯಾಡ್ರಿ, ದೇಸಾಯಿದಾ. ಇವತ್ತಿನ ದಿನ ಯಂತ್ರ ಬಿಚ್ಚಬಾರದು. ನನ್ನ ಹೊಟ್ಟೀಪಾಡಿಗೆ ನೀವು ಪಾಪ ಕಟ್ಕೋಬ್ಯಾಡ್ರಿ."

ನನಗೂ ಆ ಭಯ ಇರಲಿಲ್ಲವೆಂದಲ್ಲ. ಅವರಿಗೆ ಹೇಳಿದೆ: "ನಮ್ಮ ಊರಾಗ ಖಂಡೇನವಮಿ ಅಂತ ಮಾಡ್ತಾರ. ಕುಡಗೋಲು, ಈಳಿಗಿ, ಸೇರು ಎಲ್ಲಾ ಪೂಜಾಕ್ಕ ಇಡ್ತಾರ. ಸೂಲಗಿತ್ತಿ ಕತ್ತರಿ ಮಾತ್ರ ಇಡ್ತಿರಲಿಲ್ಲಂತ. ಕೂಸು ನವಮಿ ನೋಡ್ಕೊಂಡು ಬರೂದಿಲ್ಲ ಅಂತಿದ್ಲು ನಮ್ಮಜ್ಜಿ."

ಮಿನತಿದಿ ಮುಂದೆ ಹೋಗಿ ಕೈಮುಗಿದು ತಾವೇ ಸ್ಕ್ರೂಡ್ರೈವರ್ ಎತ್ತಿ ನನ್ನ ಕೈಗಿಟ್ಟರು. ಹಿಡಿಕೆಗೆ ಒಂದು ಹೂವಿನ ಎಸಳು ಅಂಟಿತ್ತು.

"ಅದನ್ನ ತಗೀಬ್ಯಾಡ್ರಿ. ಇರಲಿ."

ನಾಲ್ಕು ಗಂಟೆಯೊಳಗೆ ಎಲ್ಲ ಕೂತಿತ್ತು. ಗುಂಡಿ ಒತ್ತಿದ ಹದಿನೆಂಟನೇ ಸೆಕೆಂಡಿಗೆ ಪರದೆ ಬೆಳಗಿತು. ಮಿನತಿದಿ ಮೊದಲು ನೋಡಿದ್ದು ಕೆಳಗಿನ ಮೂಲೆಯ ತಾರೀಖನ್ನು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರು, ಮತ್ತೆ ತಾರೀಖು ನೋಡಿದರು. ಮೂರು ಸಲ ಹೀಗೇ. ಅದು ಮರೆತಿರಲಿಲ್ಲ.

ಗುರುವಾರ ಸಮಿತಿಯಿಂದ ಇಬ್ಬರು ಬಂದರು. ಘೋಷಾಲ್ ಬಾಬು ಪಟ್ಟಿ ಹಿಡಿದು ಜೊತೆಗೆ ಬಂದರು. ಹಿರಿಯ ಸದಸ್ಯರು ಮಿನತಿದಿಯ ಬೆರಳುಗಳ ಕೆಳಗೆ ಬಂಗಾಲಿ ಅಕ್ಷರಗಳು ಓಡುವುದನ್ನು ನೋಡಿ, "ಇದು ಗುಜರಿ ಪಟ್ಟಿಯೊಳಗ ಅದಲ್ಲಾ?" ಎಂದು ಕೇಳಿದರು.

"ಅದರಿ," ಎಂದರು ಘೋಷಾಲ್ ಬಾಬು. "ಹದಿನೇಳು. ಹನ್ನೆರಡು ವರ್ಷದ್ದು. ತೇಪೆ ಹಾಕಿ ನಿಲ್ಲಿಸ್ಯಾರ. ನಿಯಮದ ಪ್ರಕಾರ ಇದನ್ನ ಎಣಿಸಬಾರದು."

ನಾನು ದಾಸ್ತಾನು ಪುಸ್ತಕ ತೆರೆದು ಹಿಡಿದೆ. ಮುಚ್ಚಳ ಆಗಲೇ ಬಿಚ್ಚಿಟ್ಟಿದ್ದೆ. "ಮುಚ್ಚಳ ಹದಿನೇಳರದು. ಒಳಗಿನ ಬೋರ್ಡು ಮೂವತ್ತೆರಡರದು. ಸೀರಿಯಲ್ ನಂಬರು ಓದಿ ನೋಡ್ರಿ. ತಪ್ಪು ನಂದೂ ಅದ. ಒಂದು ವರ್ಷ ನಾನೂ ತಗದು ನೋಡಲಿಲ್ಲ."

ಹಿರಿಯರು ಕನ್ನಡಕ ಏರಿಸಿ ಎರಡೆರಡು ಸಲ ಓದಿದರು. "ಹಂಗಾದ್ರ ಹದಿನೇಳು ಎಲ್ಲದ?"

"ಘೋಷಾಲ್ ಬಾಬು ಮೇಜಿನ ಮ್ಯಾಲ."

ಸಿಸಿಲಿಯಾ ಮೇಡಂ ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಎಲ್ಲರೂ ಘೋಷಾಲ್ ಬಾಬು ಕೋಣೆಗೆ ನಡೆದೆವು. ಎಸಳು ಅಂಟಿದ್ದ ಸ್ಕ್ರೂಡ್ರೈವರಿನಿಂದಲೇ ಮುಚ್ಚಳ ತೆಗೆದೆ. ಹನ್ನೆರಡು ವರ್ಷದ ಬೋರ್ಡ್. ಕಿರಿಯ ಸದಸ್ಯರು ಪಟ್ಟಿಯಲ್ಲಿ ಹದಿನೇಳರ ಮುಂದೆ ಪೆನ್ ಇಟ್ಟು, "ಇದನ್ನ ಒಯ್ಯಲಿಕ್ಕೆ ಹೇಳ್ಲೇನು?" ಎಂದರು.

"ಯಾಕ?" ಎಂದರು ಘೋಷಾಲ್ ಬಾಬು, ಮುಖ ಕೆಂಪಾಗಿತ್ತು. "ಇದಕ್ಕೇನಾಗ್ಯದ? ಪತ್ರ ಬರೀತೀನಿ, ಮೇಲ್ ನೋಡ್ತೀನಿ. ಒಂದು ದಿನ ಕೆಮ್ಮಿಲ್ಲ. ವಯಸ್ಸು ನೋಡಿ ಬಿಸಾಡ್ತಾರೇನು?"

"ಸೋಮವಾರದಿಂದ ನಾವೂ ಅದನ್ನ ಹೇಳಾಕತ್ತೀವಿ," ಎಂದೆ.

ಹಿರಿಯರು ಪಟ್ಟಿಯನ್ನು ಮಡಚಿದರು. ಒಂಬತ್ತೂ ಯಂತ್ರಗಳನ್ನು ತೆರೆದು, ಒಳಗಿನದನ್ನು ಬರೆದು, ಆಮೇಲೆ ಹೊಸ ಪಟ್ಟಿ ಕಳಿಸಿ ಎಂದರು. ಮಿನತಿದಿಯ ಮೇಜು ಎಣಿಕೆಗೆ ಸೇರಿತು. ಹೊರಗೆ ಬಂದ ಮೇಲೆ ಮೇಡಂ ಅಂದರು: "ನಿಮ್ಮ ಹಟಕ್ಕೆ ಸಹಿ ಹಾಕಿದ್ದು ದಂಡ ಆಗ್ಲಿಲ್ಲ ಮಾರಾಯ್ರೆ."

ಮೂವತ್ತಮೂರು ವರ್ಷದ ನೌಕರಿ ನನಗೆ ಕಲಿಸಿದ್ದನ್ನು ನಾಲ್ಕು ದಿನ ಮತ್ತೊಮ್ಮೆ ಕಲಿಸಿದವು. ಹಳತು ಎಂಬುದು ಮುಚ್ಚಳದ ಮೇಲಿನ ಬರಹ. ಮುಚ್ಚಳ ತೆಗೆಯದೆ ಬಿಸಾಡು ಎನ್ನುವವರ ಮಾತನ್ನು ಕೇಳಬಾರದು. ಮುಚ್ಚಳ ತೆಗೆಯದೆ ಉಳಿಸುತ್ತೇನೆಂದು ಹೊರಡುವ ನನ್ನಂಥವರ ಮಾತನ್ನೂ ಅಷ್ಟೇ. ಒಂಬತ್ತರಲ್ಲಿ ಆರು ಯಂತ್ರಗಳು ನಿಜಕ್ಕೂ ಗುಜರಿಗೆ ಹೋದವು, ನಾನೇ ಸಹಿ ಹಾಕಿದೆ. ಈಗ ನಂಬರುಗಳನ್ನು ಕ್ಯಾಬಿನೆಟ್ಟಿನ ಒಳಮೈಗೆ ಬರೆಯುತ್ತಾರೆ.

ದುರ್ಗಾಪೂಜೆಯ ರಜೆ ಮುಗಿದ ಮೇಲೆ ಒಂದು ದಿನ ಘೋಷಾಲ್ ಬಾಬು ನನ್ನ ಮೇಜಿಗೆ ಬಂದು ದನಿ ತಗ್ಗಿಸಿ, ಆ ಹಳೆಯ ಜಾತಿಯ ರ‍್ಯಾಮ್ ಇನ್ನೂ ಸಿಗುತ್ತದೆಯೇ ಎಂದು ಕೇಳಿದರು. ಅವರ ಚೀಟಿ ಹಿಡಿದು ಚಾಂದನಿಗೆ ಹೋದೆ. ಇಮ್ತಿಯಾಜ್ ಭಾಯ್ ಗಲ್ಲೆಯ ಹಿಂದಿನಿಂದ ಒಂದು ಪೊಟ್ಟಣ ತೆಗೆದಿಟ್ಟರು. ಅದರ ಮೇಲೆ ನನ್ನ ಪೆನ್ಸಿಲಿನ ೧೭ ಹಾಗೇ ಇತ್ತು. ಮರುದಿನ ಬೆಳಗ್ಗೆ ಅದನ್ನು ಹದಿನೇಳನೇ ನಂಬರಿಗೆ ಹಾಕಿಕೊಟ್ಟೆ.