ರಾಶಿ ಕಣದಲ್ಲಿ ಮಳೆಗಂಟೆ

ವಿಜ್ಞಾನಕ್ಕೆ ನಾನು ಸಲ್ಲಿಸಿದ ಸೇವೆಯ ಒಟ್ಟು ಗಾತ್ರ ಒಂದು ಟ್ರಾನ್ಸಿಸ್ಟರ್. ಎಂಬತ್ತರ ದಶಕದ ಮೊದಲ ವರ್ಷಗಳು. ಪಣಕಹಳ್ಳಿಯ ಪಕ್ಕದ ನಮ್ಮೂರಿನಲ್ಲಿ ಸರ್ಕ್ಯೂಟು ಕಟ್ಟುವ ಚಟವಿದ್ದವನು ನಾನೊಬ್ಬನೇ. ಬಿಡಿಭಾಗಕ್ಕೆ ಚಾಮರಾಜನಗರದ ರೇಡಿಯೋ ರಿಪೇರಿ ಅಂಗಡಿಯವರೆಗೆ ಬಸ್ಸು ಹಿಡಿಯಬೇಕಾದ್ದರಿಂದ, ಎಷ್ಟು ಕಡಿಮೆ ಸಾಮಾನಿನಲ್ಲಿ ಕೆಲಸ ಮುಗಿಯುತ್ತದೋ ಅಷ್ಟು ದೊಡ್ಡ ಜಾಣತನ ಎಂಬುದು ನನ್ನ ಸಿದ್ಧಾಂತವಾಗಿತ್ತು.

ಆ ಸಿದ್ಧಾಂತದ ಶಿಖರವೇ ಮಳೆಗಂಟೆ. ಒಡೆದ ಸ್ಲೇಟಿನ ಚೂರಿಗೆ ಎರಡು ತಾಮ್ರದ ತಂತಿಗಳನ್ನು ಒಂದಕ್ಕೊಂದು ತಾಗದಂತೆ ಅಕ್ಕಪಕ್ಕ ಸುತ್ತಿದ್ದೆ. ನಡುವೆ ಹನಿ ಬಿದ್ದರೆ ಅದರ ಮೂಲಕ ಚೂರು ಕರೆಂಟು ಹರಿದು ಟ್ರಾನ್ಸಿಸ್ಟರನ್ನು ಎಬ್ಬಿಸಬೇಕು, ಅದು ಬಜರನ್ನು ಕೂಗಿಸಬೇಕು. ಜೊತೆಗೊಂದು ರೆಸಿಸ್ಟರ್, ನಾಲ್ಕು ಟಾರ್ಚ್ ಸೆಲ್ಲು. ಅಷ್ಟೇ ಸಂಸಾರ.

ಒಕ್ಕಣೆ ಮುಗಿದು ರಾಗಿ ರಾಶಿಯಾದ ದಿನ ಅದನ್ನು ಕಣಕ್ಕೆ ತಂದೆ. ದೊಡ್ಡಪ್ಪ ಕಣ್ಣು ಕಿರಿದು ಮಾಡಿ ನೋಡಿದರು.

"ಏನ್ಲಾ ಇದು?"

"ಮಳ ಬಂದ್ರ ಕೂಗ್ತದ ದೊಡ್ಡಪ್ಪ."

"ಮಳ ಬಂದ್ರ ನಾನೂ ನೆನಿತೀನಿ ಕಣ್ಲಾ. ಅದ ತಿಳ್ಕಳಕ್ಕ ತಂತಿ ಬೇಕಾ?"

ದೊಡ್ಡಮ್ಮ ಮೊರ ಕೊಡವುತ್ತ, "ಇರ್ಲಿ ಬುಡಿ, ಅದೇನ್ ಉಣ್ಣಕ್ ಕೇಳ್ತದಾ?" ಎಂದರು.

ಸ್ಲೇಟನ್ನು ಬೇಲಿಯ ಗೂಟದ ತಲೆಗೆ ಕಟ್ಟಿ ಪಕ್ಕದಲ್ಲೇ ಕಾವಲು ನಿಂತೆ.

ನಮ್ಮ ಕಡೆ ರಾಶಿ ಅಳೆಯುವಾಗ ಯಾರೂ ತುಟಿ ಬಿಚ್ಚಬಾರದು. ಸುತ್ತ ಬೂದಿ ಗೆರೆ ಎಳೆದು, ನೆತ್ತಿಯ ಮೇಲೆ ಸಗಣಿ ಬೆನಕನನ್ನು ಕೂರಿಸಿ, ಮನೆಯ ಹಿರಿಯರು ಕೊಳಗ ಹಿಡಿದರೆಂದರೆ ಅಳತೆ ಮುಗಿಯುವವರೆಗೂ ಮೌನ. ಮಾತು ಬಿದ್ದರೆ ರಾಶಿಯ ಹುಲುಸು ಹೋಗುತ್ತದೆ. ನಡುವೆ ನಿಲ್ಲಿಸಬೇಕೆಂದರೂ ಕೊಳಗ ಹಿಡಿದವರೇ ನಿಲ್ಲಿಸಬೇಕು. ಅವರು ಕರೆಯದೆ ಬೇರೆಯವರು ಗೆರೆ ದಾಟುವಂತಿಲ್ಲ.

ದೊಡ್ಡಪ್ಪ ಮೂಡಲಿಗೆ ಮುಖ ಮಾಡಿ ಅಳೆಯುತ್ತಿದ್ದರು. ಅವರ ಬೆನ್ನ ಹಿಂದೆ, ಪಡುವಲ ಗುಡ್ಡದಿಂದ ಮಳೆ ಬೆಳ್ಳಗೆ ಇಳಿಯುತ್ತಿತ್ತು. ನಾನು ನೋಡಿದೆ. ದೊಡ್ಡಮ್ಮ ನೋಡಿದರು. ಆಳುಗಳಿಬ್ಬರು ಮಳೆಯನ್ನು ನೋಡಿ, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬ ಕೆಮ್ಮಿದ. ದೊಡ್ಡಪ್ಪ ತಲೆ ಎತ್ತದೆ ಹುಬ್ಬು ಗಂಟಿಕ್ಕಿ ಅಳತೆ ಮುಂದುವರಿಸಿದರು. ಇಡೀ ವರ್ಷದ ಹಿಟ್ಟು ಬಯಲಲ್ಲಿ; ಮಳೆ ಎರಡು ಹೊಲದಾಚೆ. ಮಾತಾಡಿದರೆ ಹುಲುಸು ಹೋಗುತ್ತದೆ, ಆಡದಿದ್ದರೆ ರಾಗಿಯೇ ಹೋಗುತ್ತದೆ. ನನ್ನ ಗಂಟೆಯೋ, ಹನಿ ಬೀಳುವ ತನಕ ಬಾಯಿ ಬಿಡದ ಶಿಸ್ತಿನ ಪ್ರಾಣಿ.

ಹೆಬ್ಬೆರಳಿಗೆ ಉಗುಳು ಹಚ್ಚಿ ಸ್ಲೇಟಿನ ಮೇಲೆ ಒತ್ತಿದೆ.

ಬಜರು ಜೀರುಂಡೆಯ ಹಾಗೆ ಅರಚಿತು. ದೊಡ್ಡಪ್ಪ ತಿರುಗಿ ಗುಡ್ಡ ನೋಡಿದರು, ಕೊಳಗವನ್ನು ರಾಶಿಯಲ್ಲೇ ಊರಿ ಕೈ ಬೀಸಿ ಕರೆದರು. ಮುಂದಿನದೆಲ್ಲ ಮೂಕಾಭಿನಯ. ಒಂದು ಟಾರ್ಪಾಲಿನ ನಾಲ್ಕು ಮೂಲೆಗೆ ಐದು ಜನ ಕಣ್ಣಲ್ಲೇ ಬೈದಾಡಿಕೊಂಡು, ಕಲ್ಲು ಹೇರಿ ಮುಗಿಸುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು.

ಮಳೆ ನಿಂತು, ಉಳಿದ ಅಳತೆಯೂ ಮುಗಿದ ಮೇಲೆ ಕೆಮ್ಮಿದ್ದ ಆಳು ಮೆಲ್ಲಗೆ ಕೇಳಿದ: "ಬುದ್ದಿ, ಅದು ಕೂಗ್ತಲ್ಲ, ಮೌನ ಕೆಡ್ನಿಲ್ವಾ?"

ದೊಡ್ಡಪ್ಪ ತೀರ್ಪು ಕೊಟ್ಟರು. "ಎತ್ತಿನ್ ಕೊಳ್ಗಂಟೆ ಸದ್ದಾದ್ರ ಕೆಡ್ತದಾ? ಅಂಗೇ ಇದೂವ." ಆಮೇಲೆ ನನ್ನತ್ತ ತಿರುಗಿ, "ಅಲ್ಲ ಕಣ್ಲಾ, ಮಳ ಬಂದ್ರ ಕೂಗ್ತದ ಅಂದಿದ್ದ. ಬರಕ್ ಮೊದ್ಲೇ ಎಂಗ ಕೂಗ್ತು?"

"ಗಾಳೀಲಿದ್ದ ತೇವ ಇಡ್ಕತು ದೊಡ್ಡಪ್ಪ," ಎಂದೆ, ವಿಜ್ಞಾನಿಗೆ ತಕ್ಕ ಗಾಂಭೀರ್ಯದಿಂದ.

ಒಂದು ವಾರದೊಳಗೆ, ಹನಿ ಬೀಳುವ ಮೊದಲೇ ಮಳೆ ಸಾರುವ ಯಂತ್ರದ ಸುದ್ದಿಯನ್ನು ದೊಡ್ಡಪ್ಪನೇ ಊರೆಲ್ಲ ಹರಡಿದ್ದರು. ಗೆಟ್ಟವಾಡಿಯಿಂದ ಅವರ ಬೀಗರು ಬಂದು, ತಮ್ಮ ಕಣಕ್ಕೂ ಅಂಥದ್ದೇ ಒಂದು ಬೇಕೆಂದು ಕೂತರು.

ಮುದ್ದೆ ಬಡಿಸುತ್ತಿದ್ದ ದೊಡ್ಡಮ್ಮ ನನ್ನ ತಟ್ಟೆಯ ಹತ್ತಿರ ಬಗ್ಗಿ ಪಿಸುಗುಟ್ಟಿದರು: "ಕಟ್ಕೊಡು ಕಣ್ಲಾ ಮಗ. ಅಳ್ಯೋ ದಿನ ಎಬ್ಬೆಟ್ಟು ತಕ್ಕಂಡು ನೀನೂ ಓಗು."

ಹೋದೆ. ಗೆಟ್ಟವಾಡಿಯ ಕಣದಲ್ಲಿ ಅಳತೆ ಮುಗಿಯುವ ತನಕ ಗೂಟದ ಪಕ್ಕ ನಿಂತಿದ್ದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.