ಮನೆ ತುಂಬ ಮೊಸರು, ಕೈಯಲ್ಲಿ ಹೆಪ್ಪಿನ ಲೋಟ

ತಿಪಟೂರಿನಲ್ಲಿ ಯಾರನ್ನು ಏನು ಬೇಕಾದರೂ ಅನ್ನಿ. ಮಗಳ ಮೂಗು ಮೊಂಡು ಅನ್ನಿ, ಅಳಿಯ ದಂಡಪಿಂಡ ಅನ್ನಿ, ಹೊಸದಾಗಿ ಕಟ್ಟಿಸಿದ ಮನೆ ಗೋಡೌನ್ ಇದ್ದ ಹಾಗಿದೆ ಅನ್ನಿ. ಸ್ವಲ್ಪ ದಿನ ಮುಖ ಊದಿಸಿಕೊಂಡು ಆಮೇಲೆ ಅವರೇ ಕಾಫಿಗೆ ಕರೆಯುತ್ತಾರೆ. ಆದರೆ ಅವರ ಮನೆ ಕೊಬ್ಬರಿ ಕಮಟು ಅಂತ ಮಾತ್ರ ಅನ್ನಬೇಡಿ.

ನಾನು ಅಂದೆ.

ಬಾಯಲ್ಲಿ ಅಂದಿದ್ದರೆ ಗಾಳಿಗೆ ಹೋಗುತ್ತಿತ್ತು. ಟೈಪ್ ಮಾಡಿ ಅಂದೆ. ಅದೂ ನಮ್ಮ ಬೀದಿಯ ಹೆಂಗಸರೆಲ್ಲ ಇರುವ ವಾಟ್ಸಾಪ್ ಗ್ರೂಪಿನಲ್ಲಿ.

(ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಈಚೆಗೆ ಕಲಿತಿದ್ದೇನೆ. ಈ ಅಂಕಣವನ್ನೂ ಅದರಲ್ಲೇ ಕುಟ್ಟುತ್ತಿದ್ದೇನೆ. ಎಲ್ಲಾದರೂ ಒತ್ತಕ್ಷರ ಜಾರಿದ್ದರೆ ತಪ್ಪು ಬೆರಳಿನದು, ನನ್ನದಲ್ಲ.)

ಆದದ್ದು ಇಷ್ಟು. ಎದುರುಮನೆ ಜಯಮ್ಮ ಕೊಬ್ಬರಿ ಚಟ್ನಿಪುಡಿ ಮಾಡಿ, ಬೀದಿಯ ಎಲ್ಲ ಮನೆಗೂ ಒಂದೊಂದು ಬಟ್ಟಲು ಹಂಚಿದಳು. ಸಾಯಂಕಾಲ ಗ್ರೂಪಿನಲ್ಲಿ ಪುಡಿಯ ಫೋಟೋ ಹಾಕಿ, 'ಹೇಗಿದೆ? ಎಲ್ಲರೂ ಜೆನ್ಯೂನ್ ಆಗಿ ಹೇಳಿ' ಅಂತ ಬರೆದಳು. ಸಾಲುಸಾಲಾಗಿ ಹೆಬ್ಬೆಟ್ಟುಗಳು ಬಿದ್ದವು. ನಮ್ಮ ಕಾಲದಲ್ಲಿ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಓದಿದವರೇ ಒತ್ತುತ್ತಾರೆ. 'ಸೂಪರ್ ಆಂಟಿ', 'ಆಥೆಂಟಿಕ್ ಟೇಸ್ಟ್', 'ಒರಿಜಿನಲ್ ತಿಪಟೂರು ಕೊಬ್ಬರಿ ಅಂದ್ರೆ ಇದೇ' ಅಂತ ಹೊಗಳಿಕೆ ಬೇರೆ.

ನಾನು ಪುಡಿಯನ್ನು ಇನ್ನೊಮ್ಮೆ ನಾಲಿಗೆಗೆ ಹಚ್ಚಿಕೊಂಡು ನೋಡಿದೆ. ಕಮಟು. ಸಂಶಯವೇ ಇಲ್ಲ. ಕೇಳಿದವಳು ಜೆನ್ಯೂನ್ ಆಗಿ ಹೇಳಿ ಅಂದಿದ್ದಾಳೆ, ಅಲ್ಲವೇ? ಕನ್ನಡಕ ಏರಿಸಿಕೊಂಡು ಕುಟ್ಟಿದೆ. 'ಫ್ರ್ಯಾಂಕಾಗಿ ಹೇಳ್ತೀನಿ ಜಯಾ, ಕೊಬ್ಬರಿ ಕಮಟು. ನಮ್ಮನೆ ನಾಯಿನೂ ಮೂಸಿ ನೋಡಿ ಹೋಯ್ತು.'

(ನಮ್ಮ ಮನೆಯಲ್ಲಿ ನಾಯಿ ಇಲ್ಲ. ಬರೆಯುವ ಹುಮ್ಮಸ್ಸಿಗೆ ಬಂತು.)

ಒಂದೂ ತಪ್ಪಿಲ್ಲದೆ ಅಷ್ಟುದ್ದ ಟೈಪ್ ಮಾಡಿದೆನಲ್ಲ ಅಂತ ನನಗೆ ಹೆಮ್ಮೆ. ಗ್ರೂಪು ಮಾತ್ರ ಮಸಣದ ಹಾಗೆ ತಣ್ಣಗಾಯಿತು. ಸ್ವಲ್ಪ ಹೊತ್ತಿಗೆ 'ಜಯಮ್ಮ ಲೆಫ್ಟ್' ಅಂತ ಬಂತು. ಎಡಗಡೆಗೆ ಯಾಕೆ ಹೋದಳು ಅಂತ ನಾನು ಕೇಳಲಿಲ್ಲ. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ.

ಮಾರನೇ ದಿನ ಊಟವಾದ ಮೇಲೆ ಎಂದಿನಂತೆ ಅವಳ ಮನೆಯತ್ತ ಹೊರಟೆ. ಜಯಮ್ಮನ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆ ಇದೆ. ಮಧ್ಯಾಹ್ನ ಅಲ್ಲಿ ಕೂತು ಕವಡೆ ಹಾಕದಿದ್ದರೆ ನಮ್ಮಿಬ್ಬರಿಗೂ ತಿಂದದ್ದು ಅರಗುವುದಿಲ್ಲ. ನಾನು ಮೋಸ ಮಾಡುತ್ತೇನೆ, ಅವಳು ಹಿಡಿಯುತ್ತಾಳೆ. ಅವಳ ಕಾಯಿ ಕಡಿದರೆ ನನ್ನ ಗಂಡನ ಕಡೆಯವರನ್ನೆಲ್ಲ ಬೈಯುತ್ತಾಳೆ. ಅವಳ ಯಜಮಾನರು ಹೋದ ವರ್ಷ ತೀರಿಕೊಂಡಾಗ, ತಿಥಿ ಗಲಾಟೆ ಎಲ್ಲ ಮುಗಿದ ಮೇಲೆ ಅವಳು ಮೊದಲು ನಕ್ಕಿದ್ದು ಆ ಜಗಲಿಯ ಮೇಲೇ. ನನ್ನ ಮೋಸ ಹಿಡಿದು.

ಗೇಟಿನ ಹತ್ತಿರ ನಿಂತು ನೋಡಿದರೆ ಜಗಲಿ ಸಾರಿಸಿದೆ. ಗೆರೆಯೇ ಇಲ್ಲ. ಬಾಗಿಲು ಹಾಕಿದೆ.

ಬೈದಿದ್ದರೆ ಎದುರು ಬೈದು ಬರುತ್ತಿದ್ದೆ. ಒರೆಸಿದ ಜಗಲಿಗೆ ಏನಂತ ಬೈಯಲಿ?

ಮೊಮ್ಮಗಳು ಚೈತ್ರಾ ಇಲ್ಲೇ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. ಅವಳಿಗೆ ವಿಷಯ ಹೇಳಿದೆ. ಅದಕ್ಕೇನಜ್ಜಿ, ಸಿನ್ಸಿಯರ್ ಅಪಾಲಜಿ ಕಳಿಸೋಣ ಅಂದು, ನನ್ನ ಫೋನು ಕಿತ್ತುಕೊಂಡು ಏನೋ ಉದ್ದಕ್ಕೆ ಹೊಡೆದು ಕಳಿಸಿದಳು. ಜಯಮ್ಮನಿಂದ ಕೈಮುಗಿದ ಒಂದು ಚಿತ್ರ ಬಂತು. ಬಾಗಿಲು ತೆರೆಯಲಿಲ್ಲ.

ಕೈಮುಗಿದರೆ ಒಪ್ಪಿಕೊಂಡ ಹಾಗೋ, ಸಾಕು ಹೋಗು ತಾಯಿ ಅಂದ ಹಾಗೋ? ಅದು ಮೊಮ್ಮಗಳಿಗೂ ಗೊತ್ತಾಗಲಿಲ್ಲ. ಹಾಗಾಗಿ ನಾನು ಸಿನ್ಸಿಯರ್ ಅಂದರೇನು ಅಂತ ಕೇಳಿದೆ. ಯಾಕೆಂದರೆ ನಮ್ಮ ಊರಿನಲ್ಲಿ ಸಿನ್ಸಿಯರ್ ಅಂದರೆ ಟೈಮಿಗೆ ಸರಿಯಾಗಿ ಆಫೀಸಿಗೆ ಹೋಗಿ, ತಲೆ ತಗ್ಗಿಸಿಕೊಂಡು ಬರುವ ಹುಡುಗ. ಜೆನ್ಯೂನ್ ಅಂದರೆ ಕೈಸಾಲ ಕೊಟ್ಟರೆ ತಿರುಗಿ ಕೊಡುವವನು. ಒರಿಜಿನಲ್ ಅನ್ನುವುದು ಸ್ಕೂಟರಿನ ಸ್ಪೇರ್ ಪಾರ್ಟಿಗೆ. ಫ್ರ್ಯಾಂಕ್ ಅಂದರೆ, ಈಗ ನಿಮ್ಮನ್ನು ಬೈಯುತ್ತೇನೆ, ನೀವು ಬೇಜಾರು ಮಾಡಿಕೊಳ್ಳುವ ಹಾಗಿಲ್ಲ ಅಂತ.

ಚೈತ್ರಾ ತಲೆ ಚಚ್ಚಿಕೊಂಡಳು. ಆಮೇಲೆ ಕ್ಲಾಸು ಶುರು ಮಾಡಿದಳು. ಮನಸ್ಸಿನಲ್ಲಿರುವುದೇ ಬಾಯಿಗೆ ಬಂದರೆ ಸಿನ್ಸಿಯರ್. ಹೇಳಿದ್ದು ನಿಜವಾಗಿದ್ದರೆ ಆನೆಸ್ಟ್. ಇನ್ನು ಜೆನ್ಯೂನ್, ಆಥೆಂಟಿಕ್ ಬಗ್ಗೆ ಪಂಡಿತರಲ್ಲೇ ಜಗಳವಂತೆ. ಪುಸ್ತಕದ ಮೇಲೆ ಹೆಸರಿರುವವನೇ ಅದನ್ನು ಬರೆದಿದ್ದರೆ ಜೆನ್ಯೂನ್, ಒಳಗಿರುವ ಸಂಗತಿ ನಂಬುವಂಥದ್ದಾದರೆ ಆಥೆಂಟಿಕ್ ಅಂತ ಹಿಂದೆ ಕೆಲವರು ಪಾಲು ಮಾಡಿಕೊಟ್ಟಿದ್ದರಂತೆ. ಜನ ಆ ಪಾಲನ್ನು ಒಪ್ಪದೆ ಎರಡನ್ನೂ ಒಂದೇ ಚೀಲಕ್ಕೆ ಸುರಿದುಕೊಂಡರಂತೆ.

ಸರಿ, ಹಾಗಾದರೆ ಲೆಕ್ಕ ಹಾಕು ಅಂದೆ. ಜಯಮ್ಮನ ಹೆಸರಲ್ಲಿ ಬಂದ ಪುಡಿಯನ್ನು ಜಯಮ್ಮನೇ ಕುಟ್ಟಿದ್ದು, ಆದ್ದರಿಂದ ಜೆನ್ಯೂನ್. ಆದರೂ ಕಮಟು. ನನ್ನ ಹೆಸರಲ್ಲಿ ಹೋದ ಕ್ಷಮಾಪಣೆ ಬರೆದದ್ದು ನೀನು, ಆದ್ದರಿಂದ ಜೆನ್ಯೂನ್ ಅಲ್ಲ. ಅದರಲ್ಲಿ ಏನು ಬರೆದಿದ್ದೆ, ಓದು.

ಅವಳು ಓದಿ ಕನ್ನಡದಲ್ಲಿ ಹೇಳಿದಳು. ಪುಡಿ ಚೆನ್ನಾಗಿತ್ತು, ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂತ ಇತ್ತು.

"ಅಯ್ಯೋ ನಿನ್ನ. ಚೆನ್ನಾಗಿರ್ಲಿಲ್ಲ ಕಣೇ ಅದು."

"ಹಂಗಾದ್ರೆ ಯಾತಕ್ಕಜ್ಜಿ ಸಾರಿ ಕೇಳ್ತಾ ಇದೀಯ?"

ಅದೇ ನೋಡಿ ಗಂಟು. ಹೇಳಿದ ವಿಷಯಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಕಮಟು ಕಮಟೇ. ಹೇಳಿದ ಜಾಗಕ್ಕೆ ಇದೆ. ಅವಳ ಅಡುಗೆಮನೆಯಲ್ಲಿ ಪಿಸುಗುಟ್ಟಬೇಕಾದದ್ದನ್ನು ಬೀದಿಗೆ ಡಂಗುರ ಹೊಡೆದೆ. ಅದಕ್ಕೆ ಇಂಗ್ಲಿಷಿನಲ್ಲಿ ಯಾವ ಪದ ಕೊಡುತ್ತೀಯೋ ಕೊಡು ಅಂದೆ. ಅವಳು ಯೋಚಿಸಿ, ಆ ನಾಯಿ ವಿಷಯ ಏನಜ್ಜಿ, ಅದು ಆನೆಸ್ಟಾ ಅಂತ ಕೇಳಿದಳು. ಓದಿಸಿದ್ದೇ ತಪ್ಪಾಯಿತು.

ಅಷ್ಟರಲ್ಲಿ ರವಿಕೆ ಕೊಡಲು ಟೈಲರ್ ಮುಮ್ತಾಜ್ ಬಂದಳು. ಅವಳೂ ನಮ್ಮ ಬೀದಿಯವಳೇ, ಗ್ರೂಪಿನಲ್ಲಿ ಇದ್ದಾಳೆ. ನಿನಗೆ ಪುಡಿ ಹೇಗೆ ಅನ್ನಿಸಿತು ಅಂತ ಮೆಲ್ಲಗೆ ಕೇಳಿದೆ.

"ಕಮಟೇ ಕಣಮ್ಮ. ನೀರು ಕುಡ್ದು ಹೆಬ್ಬೆಟ್ಟು ಹಾಕ್ದೆ. ಅಷ್ಟು ಗೊತ್ತಾಗಲ್ವಾ ನಿಮ್ಗೆ?"

ಗೊತ್ತಾಗಬೇಕಿತ್ತು. ನಮ್ಮ ಕಡೆ ಮನೆಯಲ್ಲಿ ಮಾಡಿದ್ದನ್ನು ಕೊಟ್ಟು ಹೇಗಿದೆ ಅಂತ ಕೇಳಿದರೆ, ಅದು ಪರೀಕ್ಷೆಯಲ್ಲ, ನೆಂಟಸ್ತಿಕೆ. ಜೆನ್ಯೂನ್ ಆಗಿ ಅನ್ನುವ ಪದ ಒಂದು ಮಧ್ಯೆ ಬಂದು ನನ್ನ ದಾರಿ ತಪ್ಪಿಸಿತು. (ಪದದ ಮೇಲೆ ಹಾಕಿದರೆ ಅದು ತಿರುಗಿ ಜಗಳಕ್ಕೆ ಬರುವುದಿಲ್ಲ. ಅನುಕೂಲ.)

ಇನ್ನು ಫೋನಿನಿಂದ ಆಗುವುದಲ್ಲ ಅನ್ನಿಸಿತು. ನಮ್ಮ ಬೀದಿಯಲ್ಲಿ ಮಾತು ಬಿಟ್ಟ ಮನೆಗೆ ತಿರುಗಿ ಹೋಗಬೇಕಾದರೆ ಹಳೆಯ ದಾರಿಯೊಂದಿದೆ. ಲೋಟ ಹಿಡಿದುಕೊಂಡು ಹೋಗಿ, ಹಾಲಿಗೆ ಹಾಕಲು ಒಂದು ಚಮಚ ಹೆಪ್ಪು ಕೇಳುವುದು. ಅವರು ಕೊಟ್ಟರೆ ಜಗಳ ಮುಗಿಯಿತು. ಯಾರೂ ಆ ಮಾತು ಎತ್ತುವ ಹಾಗಿಲ್ಲ. 'ಮೊಸರಿಲ್ಲ' ಅಂದರೆ ಅಲ್ಲಿಗೆ ಮುಗಿಯಿತು, ಮನೆಗೂ ಮನೆಗೂ. ನಮ್ಮ ಅತ್ತೆ ಹೀಗೆ 'ಮೊಸರಿಲ್ಲ' ಅಂದ ಮನೆಯೊಂದಕ್ಕೆ ಕೊನೆಯವರೆಗೂ ಕಾಲಿಡಲಿಲ್ಲ. ದೀಪ ಹಚ್ಚಿದ ಮೇಲೆ ಮೊಸರು ಆಚೆ ಕೊಡುವುದಿಲ್ಲವಾದ್ದರಿಂದ, ಬೆಳಕಿರುವಾಗಲೇ ಹೋಗಬೇಕು.

ಸ್ಟೀಲ್ ಲೋಟ ತೆಗೆದುಕೊಂಡೆ. ಸೊಸೆ ಫ್ರಿಜ್ಜು ತೆರೆದು, ಇಲ್ಲಿ ಇಷ್ಟೊಂದು ಮೊಸರಿದೆಯಲ್ಲ ಅತ್ತೆ ಅಂತ ಪಾತ್ರೆ ತೋರಿಸಿದಳು. ಅದನ್ನು ಮುಚ್ಚಮ್ಮ ಅಂದು ಹೊರಟೆ.

ರಸ್ತೆ ದಾಟುವಷ್ಟೇ ದೂರ. ಮಂಡಿ ನೋವಿನವಳಿಗೂ ಒಂದು ನಿಮಿಷ ಸಾಕು. ಬಾಗಿಲು ತಟ್ಟಿದೆ. ಜಯಮ್ಮ ತೆರೆದಳು. ನನ್ನ ಮುಖ ನೋಡಲಿಲ್ಲ, ಲೋಟ ನೋಡಿದಳು.

"ಹೆಪ್ಪಿದ್ರೆ ಒಂಚೂರು ಕೊಡ್ತೀಯೇನೇ ಜಯಾ?"

"ಯಾಕೆ, ನಿಮ್ಮನೇಲಿ ಮೊಸರಿಲ್ವಾ?"

"ಖರ್ಚಾಗೋಯ್ತು ಕಣೇ."

"ಆಗ್ಲೇ ನಿಮ್ ಸೊಸೆ ಮುಮ್ತಾಜ್‌ಗೆ ಚೊಂಬುಗಟ್ಲೆ ಮಜ್ಜಿಗೆ ಕೊಡ್ತಿದ್ಲು. ಕಿಟಕೀಲಿ ಕಂಡೆ."

ಬಾಯಿ ತೆರೆದರೆ ಇನ್ನೊಂದು ನಾಯಿ ಹುಟ್ಟಿಕೊಳ್ಳುತ್ತಿತ್ತು. ಲೋಟ ಚಾಚಿದ ಕೈ ಹಾಗೇ ಇತ್ತು. ಅವಳು ತೆಗೆದುಕೊಳ್ಳಲಿಲ್ಲ, ಬಾಗಿಲೂ ಹಾಕಲಿಲ್ಲ. ನೋಡುತ್ತ ನಿಂತಳು. ಅಷ್ಟು ಹೊತ್ತು ನಾನು ಯಾವ ದೇವರ ಮುಂದೆಯೂ ಸುಮ್ಮನೆ ನಿಂತವಳಲ್ಲ.

ಕೊನೆಗೆ ಲೋಟ ಕಿತ್ತುಕೊಂಡು ಒಳಗೆ ಹೋದಳು. ಹೆಪ್ಪು ಹಾಕಿಕೊಂಡು ಬಂದು ಕೈಗೆ ಕೊಟ್ಟು, ಜಗಲಿಯ ಮೇಲೆ ಕೂತಳು. ನಾನೂ ಕೂತೆ.

"ಅವ್ರು ಅಟ್ಟಕ್ಕೆ ಹಾಕಿದ್ ಕಾಯಿ ಕಣೇ ಅವು. ಕಡೇ ಸಲ ಹಾಕಿದ್ದು. ಎಲ್ಲಾ ಕೊಟ್ಬುಟ್ಟು ಒಂದ್ ಮೂಟೆ ಇಟ್ಕಂಡಿದ್ದೆ. ಒಡೆಯಾಕೆ ಮನಸ್ ಬರ್ಲಿಲ್ಲ. ಕಾದು ಕಾದು ಹಿಂಗಾಯ್ತು."

ಅಟ್ಟದಲ್ಲಿ ಕಾಯಿ ಒಣಗಿ ಒಳಗೇ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಬೇಕು. ಆಮೇಲೂ ಬಿಟ್ಟರೆ ಕೆಡುವ ಭಯ. ಅದು ಜಯಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಿಟ್ಟಿದ್ದಳು. ಗೊತ್ತಿದ್ದೂ ಕುಟ್ಟಿ ಬೀದಿಗೆಲ್ಲ ಹಂಚಿದ್ದಳು. ಯಜಮಾನರ ಹೆಸರಿನಲ್ಲಿ ಎಲ್ಲರ ಮನೆಯಲ್ಲೂ ಒಂದು ತುತ್ತು ಆಗಲಿ ಅಂತ. ಹೆಬ್ಬೆಟ್ಟು ಒತ್ತಿದವರೆಲ್ಲ, ಒಂದು ಅಕ್ಷರ ತಿಳಿಯದೆಯೂ, ಸರಿಯಾದ ಜಾಗಕ್ಕೇ ಒತ್ತಿದ್ದರು.

ಅವಳು ಕಣ್ಣು ಒರೆಸಿಕೊಂಡು, ಪುಡಿ ಖಾಲಿ ಮಾಡಿದೆಯೋ ಬಿಸಾಕಿದೆಯೋ ಅಂತ ಕೇಳಿದಳು. ಡಬ್ಬಿಯಲ್ಲಿದೆ ಅಂದೆ. (ಇದು ನಿಜ.)

"ಈಗ್ ಹೇಳು. ಹೆಂಗಿತ್ತು?"

ಎಂಥ ಪೇಚು ನೋಡಿ. ಚೆನ್ನಾಗಿತ್ತು ಅಂದರೆ ಅವಳಿಗೆ ಸುಳ್ಳು ಅಂತ ಗೊತ್ತಾಗುತ್ತದೆ. ಬೀದಿಯಲ್ಲಿ ಹೆಬ್ಬೆಟ್ಟು ಒತ್ತಲು ಬೇಕಾದಷ್ಟು ಜನ ಇದ್ದಾರೆ. ಆಟದಲ್ಲಿ ನನ್ನ ಮೋಸ ಅವಳು ಹಿಡಿಯುತ್ತಾಳೆ, ಪುಡಿಯಲ್ಲಿ ಅವಳ ಮೋಸ ಹಿಡಿಯಲು ನಾನೊಬ್ಬಳೇ. ಸುತ್ತ ನೋಡಿದೆ. ಯಾರೂ ಇರಲಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿದೆ.

"ಕಮಟು."

"ಹಾಳಾಗೋಗು" ಅಂದಳು. ಅಂದು, ಸೆರಗಿನ ತುದಿಯಿಂದ ಸೀಮೆಸುಣ್ಣದ ಚೂರು ಬಿಚ್ಚಿ, ಬಗ್ಗಿ ಗೆರೆ ಎಳೆಯತೊಡಗಿದಳು. ಸೀಮೆಸುಣ್ಣ ಸೆರಗಿನಲ್ಲೇ ಇತ್ತು, ಗಮನಿಸಿ. ಜಗಲಿ ಒರೆಸಿದವಳು ಅದನ್ನು ಬಿಸಾಕಿರಲಿಲ್ಲ.

ಒಂದು ಆಟ ಆಡಿದೆವು. ನಾನು ಮೋಸ ಮಾಡಿದೆ. ಹಿಡಿದಳು.

ಮನೆಗೆ ಬಂದು ಆ ಹೆಪ್ಪನ್ನು ಫ್ರಿಜ್ಜಿನಲ್ಲಿದ್ದ ಮೊಸರಿನ ಪಾತ್ರೆಗೇ ಸುರಿದೆ. ಇನ್ನೆಲ್ಲಿಗೆ ಹಾಕಲಿ? ಚೈತ್ರಾ ನೋಡುತ್ತಲೇ ಇದ್ದಳು. ಸಾರಿ ಅನ್ನುವ ಪದವನ್ನಾದರೂ ಹೇಳಿದೆಯಾ ಅಂತ ಕೇಳಿದಳು. ಇಲ್ಲ ಅಂದು, ನಡೆದದ್ದನ್ನು ಹೇಳಿದೆ. ನೀನು ಹೇಳಿದ್ದು ಮೊಸರಿಲ್ಲ ಅನ್ನುವ ಸುಳ್ಳು, ಜಯಮ್ಮನಿಗೂ ಅದು ಸುಳ್ಳು ಅಂತ ಗೊತ್ತಿತ್ತು, ಇದು ಯಾವ ಸಿನ್ಸಿಯರ್ ಅಜ್ಜಿ ಅಂತ ರೇಗಿಸಿದಳು. ಅದನ್ನೇ ನಿಮ್ಮನ್ನು ಕೇಳುತ್ತಿದ್ದೇನೆ. ಹೆಬ್ಬೆಟ್ಟು ಒತ್ತಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಮನೆ ತುಂಬ ಮೊಸರಿಟ್ಟುಕೊಂಡು ಹೆಪ್ಪು ಕೇಳಲು ಹೋದವಳಿಗೆ ಇಂಗ್ಲಿಷಿನಲ್ಲಿ ಏನಂತಾರೆ?