ಹೂಗ್ಯಂ ಹತ್ತಿರವಾದ ವರ್ಷ

ಚನ್ನಾಜಮ್ಮ ಹನ್ನೆರಡು ವರ್ಷ ಜೀವ ಉಳಿಸಿಕೊಂಡಿದ್ದು ದಾರಿಯ ದಯೆಯಿಂದ. ಹನೂರಿನಲ್ಲಿ ಗಂಡನ ಮನೆ, ಕಾಡಂಚಿನ ಹೂಗ್ಯಂನಲ್ಲಿ ತವರು. ನಡುವೆ ಒಂದಿಡೀ ಹಗಲಿನ ನಡಿಗೆ. ಗಂಡ ಕೆಂಪನಂಜಪ್ಪನ ಕೈ ಮಿತಿಮೀರಿದ ದಿನ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ದಾರಿ ಹಿಡಿಯುತ್ತಿದ್ದಳು. ಅವನು ಹಿಂದೆಯೇ ಹೊರಡುತ್ತಿದ್ದ, ಬಿಡುವ ಪೈಕಿ ಅಲ್ಲ. ಆದರೆ ಅಷ್ಟು ದೂರ ಬಿಸಿಲಲ್ಲಿ ನಡೆಯುವ ಹೊತ್ತಿಗೆ ತಲೆಗೇರಿದ ಸಿಟ್ಟು ಕಾಲಿಗೆ ಇಳಿದಿರುತ್ತಿತ್ತು. ಅವಳ ಅಣ್ಣ ಪುಟ್ಟಮಲ್ಲಪ್ಪನ ಜಗುಲಿಯಲ್ಲಿ ಕೂತು, ಪಾದ ನೀವಿಕೊಂಡು, ಮುದ್ದೆ ಉಂಡು, ಮಾರನೆಯ ದಿನ ಅವಳನ್ನು ಕರೆದುಕೊಂಡು ಹೋಗುತ್ತಿದ್ದ.

ಕೆಂಪನಂಜಪ್ಪ ಬಡವನಲ್ಲ, ಕುಡುಕನೂ ಅಲ್ಲ. ಹಾಗಿದ್ದಿದ್ದರೆ ಜನಕ್ಕೆ ಹೇಳಲು ಒಂದು ನೆಪವಾದರೂ ಸಿಗುತ್ತಿತ್ತು. ಹೊಲಮನೆ ಇದ್ದ ಕುಳ, ಊರ ಮುಂದೆ ಬೆಣ್ಣೆಯಂಥ ಮಾತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒನಕೆ ಬೀಸಿದ ಏಟಿಗೆ ಹೆಂಡತಿಯ ಭುಜದ ಮೂಳೆ ಸೀಳಿತು, ಆಮೇಲೆ ಆ ಕೈ ತಲೆಯ ಮೇಲಕ್ಕೆ ಏಳಲೇ ಇಲ್ಲ. ಬಾರುಕೋಲಿನ ಹಿಡಿ ತಗುಲಿ ಎರಡು ಹಲ್ಲು ಹೋದವು. ಒಂದು ಸಲ ಹೊಟ್ಟೆಯಲ್ಲಿದ್ದ ಕೂಸೂ ಹೋಯಿತು. ಊರ ಯಜಮಾನ ವೃಷಭೇಂದ್ರಪ್ಪ ಪ್ರತಿ ಸಲವೂ ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಹೇಳಿ ಅವಳನ್ನು ಒಳಗೆ ಕಳಿಸುತ್ತಿದ್ದ. ಆ ಮನೆಯಲ್ಲಿ ಉಣ್ಣುವ ಮುಂಚೆಯೂ ಏಟು, ಮಲಗಿದ ಮೇಲೂ ಏಟು ಎಂಬುದು ಯಜಮಾನನ ಗಾದೆಗೆ ಗೊತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಎರಡನೆಯ ಬೇಸಿಗೆಯಲ್ಲಿ ನೆಂಟರ ಮದುವೆಗೆಂದು ಇಬ್ಬರೂ ಯಳಂದೂರಿಗೆ ಹೋದರು. ಅಲ್ಲಿ ಗುರುಪಾದಸ್ವಾಮಿ ಎಂಬ ಕಂಟ್ರಾಕ್ಟರನ ಹಿತ್ತಲಿನಲ್ಲಿ ಆ ಮೋಟಾರ್ ಸೈಕಲ್ಲು ನಿಂತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ವಿಲಾಯತಿ ಗಾಡಿ. ಎರಡು ಸಿಲಿಂಡರು, ಕರುವಿನ ಹೊಟ್ಟೆಯಷ್ಟು ಅಗಲದ ಟ್ಯಾಂಕು, ಹಿಂದೆ ಕ್ಯಾರಿಯರು, ಅದರ ಎರಡು ಪಕ್ಕಕ್ಕೂ ಚರ್ಮದ ಚೀಲ. ಸೊಂಟನೋವು ಬಂದ ಗುರುಪಾದಸ್ವಾಮಿ ಅದನ್ನು ಮಾರಲು ನಿಂತಿದ್ದ, ಮಾರುವವನ ಬಾಯಿಗೆ ಬೀಗ ಎಲ್ಲಿಂದ ಬರಬೇಕು. ಊಟಿ ಘಾಟಿಯನ್ನು ಒಂದೇ ಉಸಿರಿಗೆ ಹತ್ತಿದ್ದನ್ನು ಹೇಳಿದ, ಸೇಲಂಗೆ ಹೋಗಿ ಅದೇ ದಿನ ಮನೆಗೆ ಬಂದು ಉಂಡಿದ್ದನ್ನು ಹೇಳಿದ. ಹೊಸದು ಬೇಕೆಂದರೆ ಮದರಾಸಿಗೆ ಬರೆದು ವರ್ಷಗಟ್ಟಲೆ ಕಾಯಬೇಕು, ಇದಾದರೆ ಪಳಗಿದ ಎತ್ತು, ನೊಗ ಇಟ್ಟರೆ ಸಾಕು ಎಂದ. ಎಚ್ಚರಿಕೆ ಕೊಟ್ಟಿದ್ದು ಒಂದೇ. ಗಾಡಿ ಶುರುಮಾಡಲು ಕಿಕ್ಕರು ಒದೆಯುವ ಮುಂಚೆ ಎಡಗೈ ಹಿಡಿಯ ಪಕ್ಕದ ಚಿಕ್ಕ ಲಿವರನ್ನು ಹಿಂದಕ್ಕೆ ಎಳೆದಿರಬೇಕು. ಅದು ಮುಂದಿದ್ದಾಗ ಒದ್ದರೆ ಕಿಕ್ಕರು ತಿರುಗಿಬಂದು ಒದ್ದವನ ಕಾಲಿಗೇ ಬಡಿಯುತ್ತದೆ. ಬಟ್ಟೆಗಂಟು ಹಿಡಿದು ನಿಂತಿದ್ದ ಚನ್ನಾಜಮ್ಮನ ಕಿವಿಗೂ ಆ ಮಾತು ಬಿತ್ತು.

ಕೆಂಪನಂಜಪ್ಪ ಗಾಡಿ ಓಡಿಸುವುದನ್ನು ಮೊದಲೇ ಕಲಿತಿದ್ದ. ವ್ಯಾಪಾರ ಮುಗಿಸಿ ಹೆಂಡತಿಯನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೊರಟ. ನಿಜ ಹೇಳಬೇಕೆಂದರೆ ಚನ್ನಾಜಮ್ಮನಿಗೆ ಖುಷಿಯಾಯಿತು. ಗಾಳಿಗೆ ಕೂದಲು ಬಿಚ್ಚಿಕೊಂಡಿತು, ಹೊಲದಲ್ಲಿದ್ದವರು ಎದ್ದು ನಿಂತು ನೋಡಿದರು, ಇಳಿವಯಸ್ಸಿಗೆ ಬಂದವಳಂತಿದ್ದ ಅವಳು ಸೆರಗಿನ ಮರೆಯಲ್ಲಿ ನಕ್ಕಳು. ಕೊಳ್ಳೇಗಾಲ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಸರಿಯಿತು. ಎತ್ತಿನಗಾಡಿಗೆ ಒಂದು ರಾತ್ರಿ ಹಿಡಿಯುವ ದಾರಿ, ಹೊತ್ತು ಮುಳುಗುವ ಮುಂಚೆ ಮುಗಿದು ಹನೂರು ಬಂತು. ಅಂಗಳದಲ್ಲಿ ಇಳಿದು ತವರಿನ ದಾರಿಯ ಕಡೆ ನೋಡಿದಾಗ ಅವಳ ನಗು ಆರಿತು. ಹಾಗಾದರೆ ಹೂಗ್ಯಂ ಈಗ ಎಷ್ಟು ಹತ್ತಿರ.

ಅವನಿಗೂ ಅದು ಹೊಳೆದಿತ್ತು. ಗಾಡಿಯ ಬೆನ್ನು ತಟ್ಟುತ್ತಾ ಅವಳಿಗೆ ಹೇಳಿದ:

"ಇನ್ನೆಷ್ಟ್ ದೂರ ಓಡೀಯೆ ಓಡು. ನಿನ್ಗಿಂತ ಮುಂಚೆ ಅಲ್ಲಿರ್ತೀನಿ."

ತಿಂಗಳೊಪ್ಪತ್ತಿನಲ್ಲಿ ಅವಳು ಓಡಿದಳು. ಅವನು ಬೀಸಿದ ಒಲೆಯ ಕೊಳ್ಳಿ ಕುತ್ತಿಗೆಗೆ ತಗುಲಿದ ಮೇಲೆ ಯಾರು ನಿಲ್ಲುತ್ತಾರೆ? ಅಜ್ಜೀಪುರದ ಆಚೆ ಕಾಡು ಶುರುವಾಗುವ ಕಡೆ ಹಿಂದಿನಿಂದ ಸದ್ದು ಬಂತು. ಈ ಸಲ ಸಿಟ್ಟು ಕಾಲಿಗೆ ಇಳಿದಿರಲಿಲ್ಲ, ಮನೆಯಲ್ಲಿ ಎಷ್ಟಿತ್ತೋ ಅಷ್ಟೂ ಸವಾರಿ ಮಾಡಿಕೊಂಡು ಬಂದಿತ್ತು. ಅವನು ಮುಂದಿನ ಚಕ್ರವನ್ನು ಅವಳ ಸೊಂಟಕ್ಕೆ ಗುದ್ದಿಸಿ ಕೆಡವಿದ. ಎತ್ತಿನ ಹಗ್ಗದಿಂದ ಎರಡು ಕೈಯನ್ನೂ ಕ್ಯಾರಿಯರಿಗೆ ಕಟ್ಟಿ ಹನೂರಿನ ಕಡೆ ಗಾಡಿ ತಿರುಗಿಸಿದ. ಅವಳು ಹಿಂದೆ ಓಡಿದಳು, ಬಿದ್ದಳು, ಎಳೆದಾಡಿಸಿಕೊಂಡಳು, ಮತ್ತೆ ಎದ್ದು ಓಡಿದಳು. ಊರಿಗೆ ಬಂದಾಗ ಮಂಡಿಚಿಪ್ಪಿನ ಮೇಲೆ ಚರ್ಮವೇ ಇರಲಿಲ್ಲ. ಜಗುಲಿಗಳ ಮೇಲೆ ಕೂತವರು ನೋಡಿದರು, ಕೆಲವರು ಮುಖ ತಿರುಗಿಸಿದರು. ಅವತ್ತು ಯಜಮಾನನೂ ಗಾದೆ ಬಿಟ್ಟು ಒಳಗೆ ಎದ್ದುಹೋದ.

ಅಂದಿನಿಂದ ದಿನಾ ಬೆಳಿಗ್ಗೆ ಗಾಡಿ ಒರೆಸುವುದು ಅವಳ ಕೆಲಸವಾಯಿತು. ಅವನು ನಿಲ್ಲಿಸುವಾಗಲೇ ಲಿವರನ್ನು ಹಿಂದಕ್ಕೆ ಎಳೆದಿಡುತ್ತಿದ್ದ. ಮತ್ತೆ ಹೊರಡುವಾಗ ನೋಡದೆ ಒದೆಯುತ್ತಿದ್ದ. ಅವಳು ಅದರ ಧೂಳನ್ನೂ ಒರೆಸಿ, ಹೇಗಿತ್ತೋ ಹಾಗೇ ಬಿಡುತ್ತಿದ್ದಳು. ಮುಟ್ಟಿದಾಗಲೆಲ್ಲ ಯಳಂದೂರಿನಲ್ಲಿ ಕೇಳಿದ ಎಚ್ಚರಿಕೆ ನೆನಪಾಗುತ್ತಿತ್ತು.

ಸುದ್ದಿ ಹೂಗ್ಯಂಗೆ ಮುಟ್ಟಿ, ಆಷಾಢದ ಒಂದು ಬೆಳಿಗ್ಗೆ ಪುಟ್ಟಮಲ್ಲಪ್ಪ ಬಂದ. ಮೆತ್ತನೆಯ ಮನುಷ್ಯ, ಜಗಳ ಗೊತ್ತಿಲ್ಲ. ತಂಗಿಯನ್ನು ಕಳಿಸಿಕೊಡಿ ಬಾವ, ನಾವು ಸಾಕಿಕೊಳ್ಳುತ್ತೇವೆ ಎಂದು ಕೈ ಮುಗಿದ. ಕೆಂಪನಂಜಪ್ಪ ಸೂರಿನಲ್ಲಿ ಸಿಕ್ಕಿಸಿದ್ದ ಮಚ್ಚು ಹಿರಿದು ಬೀಸಿದ. ಕುತ್ತಿಗೆಗೆ ಬರಬೇಕಾದದ್ದು ಮೊಳಕೈಗೆ ಬಿತ್ತು. ಗೋಡೆಗೆಲ್ಲ ರಕ್ತ ಹಾರಿತು. ಪುಟ್ಟಮಲ್ಲಪ್ಪ ಕೈ ಒತ್ತಿ ಹಿಡಿದು ಬೀದಿಗೆ ಹಾರಿ, ಬಂದ ದಾರಿಯಲ್ಲೇ ಓಡಿದ.

ಹೂಗ್ಯಂ ಮುಟ್ಟೋಕೆ ಮುಂಚೆ ಅವನ ತಲೆ ಚೀಲದಲ್ಲಿರುತ್ತದೆ ಎಂದು ಕೂಗುತ್ತಾ ಕೆಂಪನಂಜಪ್ಪ ರುಮಾಲು ಸುತ್ತಲು ಒಳಗೆ ಹೋದ. ಅಣ್ಣನ ತಲೆ ಉಳಿಯುವುದೂ ಉರುಳುವುದೂ ಅವನು ರುಮಾಲು ಸುತ್ತುವಷ್ಟು ಹೊತ್ತಿನಲ್ಲಿ. ಚನ್ನಾಜಮ್ಮ ಒರೆಸುವ ಬಟ್ಟೆ ತೆಗೆದುಕೊಂಡು ಅಂಗಳಕ್ಕೆ ಬಂದಳು. ಲಿವರನ್ನು ಮುಂದಕ್ಕೆ ತಳ್ಳಿದಳು. ಬಟ್ಟೆ ಮಡಚಿಕೊಂಡು ಪಕ್ಕಕ್ಕೆ ಸರಿದಳು.

ಅವನು ಬಂದ, ಮಚ್ಚನ್ನು ಚರ್ಮದ ಚೀಲಕ್ಕೆ ತುರುಕಿದ, ಇದ್ದಬದ್ದ ಭಾರವನ್ನೆಲ್ಲ ಹಾಕಿ ಒದ್ದ. ಇಂಜಿನ್ನು ಒಂದು ಸಲ ಗುಂಡು ಹಾರಿಸಿದಂತೆ ಸಿಡಿಯಿತು. ಕಿಕ್ಕರು ತಿರುಗಿಬಂದ ರಭಸಕ್ಕೆ ಅವನ ಕಾಲು ಮೊಣಕಾಲಿನ ಕೆಳಗೆ ಎರಡಾಯಿತು, ಬಿಳಿಯ ಮೂಳೆ ಪಂಚೆ ಹರಿದು ಹೊರಗೆ ಬಂತು. ಅಷ್ಟು ಭಾರದ ಗಾಡಿ ವಾಲಿ ಆ ಕಾಲಿನ ಮೇಲೆಯೇ ಬಿತ್ತು. ಅವನ ಅರಚಾಟಕ್ಕೆ ಕೊಟ್ಟಿಗೆಯ ಎತ್ತುಗಳು ಹಗ್ಗ ಕಿತ್ತವು. ಚನ್ನಾಜಮ್ಮ ನಿಂತೇ ನೋಡಿದಳು. ಹನ್ನೆರಡು ವರ್ಷದಲ್ಲಿ ಅವನಿಗೆ ನೋವಾದದ್ದನ್ನು ಅವಳು ನೋಡಿದ್ದು ಅದೇ ಮೊದಲು, ಒಳಗೆ ಸಂತೋಷವೇ ಆಯಿತು. ಅದನ್ನು ಮುಚ್ಚಿಡುವುದೇನು?

ಜನ ಸೇರಿ ಗಾಡಿ ಎತ್ತಿದರು. ವೃಷಭೇಂದ್ರಪ್ಪ ಕೊಳ್ಳೇಗಾಲದ ಆಸ್ಪತ್ರೆಗೆ ಎತ್ತಿನಗಾಡಿ ಹೂಡಿಸಿ, ಹುಲ್ಲು ಹಾಸಿಸಿ, ಕೆಂಪನಂಜಪ್ಪನನ್ನು ಮಲಗಿಸಿದ. ಆಮೇಲೆ ಚನ್ನಾಜಮ್ಮನ ಕಡೆ ತಿರುಗಿ, ಹತ್ತಿ ಕೂತು ಕಾಲು ಹಿಡಿದುಕೋ, ಇನ್ನು ಮೂರು ತಿಂಗಳು ಅವನಿಗೆ ನೀನೇ ದಿಕ್ಕು ಎಂದ. ಅವಳು ಕದಲಲಿಲ್ಲ.

"ಆ ಲಿವರ್‌ನ ಮುಂದಕ್ಕೆ ತಳ್ದೋಳು ನಾನು ಕಣ್ರಪ್ಪ," ಎಂದಳು. "ಕಾಲ್ ಮುರ್ದ ಕೈ ಇದೇಯ. ಈ ಕೈಲಿ ಗಂಜಿ ಕುಡ್ದಾನಾ, ಅವನ್ನೇ ಕೇಳಿ."

ಯಜಮಾನ ಎತ್ತಿನಗಾಡಿಯ ಕಡೆ ನೋಡಿದ. ಕೆಂಪನಂಜಪ್ಪ ಬೆವರುತ್ತಾ ಅವಳ ಕೈಗಳನ್ನೇ ನೋಡುತ್ತಿದ್ದ. ಗಾಡಿಯ ಅಂಚು ಬಿಗಿಹಿಡಿದು ಹೇಳಿದ:

"ಬ್ಯಾಡ. ಅವ್ಳನ್ನ ಗಾಡಿ ಅತ್ತುಸ್ಬ್ಯಾಡಿ."

ಎತ್ತಿನಗಾಡಿ ಕೊಳ್ಳೇಗಾಲದ ಕಡೆ ಹೋಯಿತು. ಚನ್ನಾಜಮ್ಮ ತವರಿನ ಕಡೆ ನಡೆದಳು, ಯಾರೂ ತಡೆಯಲಿಲ್ಲ. ಊರು ಮರೆಯಾದ ಮೇಲೆ ದಾರಿಯ ಬದಿಯಲ್ಲಿ ಕೂತು ಗಟ್ಟಿಯಾಗಿ ಅತ್ತಳು. ಮತ್ತೆ ಎದ್ದಳು.

ಅಜ್ಜೀಪುರದ ಹತ್ತಿರ ಹುಣಸೆಮರದ ಹಿಂದೆ ಪುಟ್ಟಮಲ್ಲಪ್ಪ ಅಡಗಿ ಕೂತಿದ್ದ. ಕಡಿದ ಕೈಗೆ ಟವಲು ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಕಲ್ಲು ಹಿಡಿದು, ಮೋಟಾರ್ ಸೈಕಲ್ಲಿನ ಸದ್ದಿಗೆ ಕಿವಿಗೊಟ್ಟಿದ್ದ. ತಂಗಿ ಒಬ್ಬಳೇ ಬರುವುದನ್ನು ಕಂಡು ಅವಳ ಹಿಂದಿನ ರಸ್ತೆಯನ್ನೇ ನೋಡುತ್ತಾ, ಅವನು ಎಲ್ಲಿ, ಎಷ್ಟು ಹೊತ್ತಿಗೆ ಬಂದಾನು ಎಂದು ಕೇಳಿದ.

"ಕಲ್ಲು ಕೆಳಕ್ಕಾಕಣ್ಣ," ಎಂದಳು ಚನ್ನಾಜಮ್ಮ. "ಅವ್ನು ಬರಾಕಿಲ್ಲ."